ಪೊರೆನಾಡಿನ ಕೋಟೆಯೂ ಕೆಂಪಾಜಮ್ಮನ ಬೆಲ್ಲವೂ

ಬಲು ಹಿಂದಿನ ಮಾತು. ಉಪ್ಪುನೀರಿನ ಕಡಲ ನಡುವೆ ಪೊರೆನಾಡು ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಕಲ್ಲಿನ ಕೋಟೆಯಿರಲಿಲ್ಲ, ಜೀವವಿದ್ದ ಕೋಟೆಯಿತ್ತು. ಪೊರೆಯವರು ಎಂಬ ಜನ ಎರಡು ಸಾಲಾಗಿ ಒತ್ತಿಕೊಂಡು ಆ ಕೋಟೆಯಾಗಿದ್ದರು. ಒಬ್ಬೊಬ್ಬರಿಗೂ ಒಂದು ತಲೆ, ಎರಡು ಕಾಲು. ತಲೆಗೆ ನೀರೆಂದರೆ ಪ್ರಾಣ. ಕಾಲು ಎಣ್ಣೆಯದು, ಅದಕ್ಕೆ ನೀರೆಂದರೆ ಆಗದು. ಹಾಗಾಗಿ ಹೊರಸಾಲಿನವರು ಕಡಲಿನ ಕಡೆಗೆ ತಲೆ ಹಾಕಿದ್ದರು, ಒಳಸಾಲಿನವರು ನಾಡಿನೊಳಗಿನ ನೀರಿನ ಕಡೆಗೆ ತಲೆ ಹಾಕಿದ್ದರು. ನಡುವೆ ಎಲ್ಲರ ಕಾಲುಗಳೂ ಒಂದಕ್ಕೊಂದು ತಾಗಿಕೊಂಡು ಒಣಗಿದ್ದವು. ಆದರೆ ಒಂದು ಕಡೆ ಇರುವ ಜನವಲ್ಲ ಅವರು. ಸಾಲು ಬಿಡದೆ, ಸಂದು ಬಿಡದೆ, ಸದಾ ಅತ್ತಿತ್ತ ಜಾರುತ್ತಲೇ ಇರುತ್ತಿದ್ದರು.

ಎಷ್ಟು ಕಾದರೂ ಕಡಲಿನ ಉಪ್ಪು ಒಂದಿಷ್ಟು ಒಳಗೆ ನುಸುಳುತ್ತಿತ್ತು. ಅದನ್ನು ಹೊರಗೆ ಹಾಕಲು ಕೋಟೆಯ ಮೈಯಲ್ಲೇ ಉಪ್ಪುಗಾರರು ಕೂತಿದ್ದರು. ಮೂರು ಬುಟ್ಟಿ ಕಡಲುಪ್ಪು ಹೊರಗೆ ಎಸೆಯುವುದು, ನಾಡಿಗೆ ಬೇಕಾದ ಬೂದಿಯುಪ್ಪು ಎರಡು ಬುಟ್ಟಿ ಒಳಗೆ ತೆಗೆದುಕೊಳ್ಳುವುದು, ಒಂದು ತುಣುಕು ಬೆಲ್ಲ ಬಾಯಿಗೆ ಹಾಕಿಕೊಳ್ಳುವುದು. ಹಗಲೂ ಇರುಳೂ ಇದೇ ಕೆಲಸ. ಬೆಲ್ಲವಿಲ್ಲದಿದ್ದರೆ ಅವರ ಕೈ ಏಳುತ್ತಿರಲಿಲ್ಲ.

ಆ ಉಪ್ಪುಗಾರರಲ್ಲಿ ದೊಡ್ಡೀರಯ್ಯ ಎಂಬವನೊಬ್ಬ. ಅವನ ಹೆಂಡತಿ ಕೆಂಪಾಜಮ್ಮ, ನಾಡಿಗೆಲ್ಲ ಬೆಲ್ಲ ಕಾಯಿಸುವವಳು. ತಂಗಿಯ ಬಾಣಂತನಕ್ಕೆಂದು ಅವಳು ನೆರೆಯ ದ್ವೀಪಕ್ಕೆ ಹೋಗಿದ್ದಳು. ಹೋಗುವಾಗ ಅರಮನೆಯವರೇ ಅವಳನ್ನು ಒಂದು ಗುಳ್ಳೆಯಲ್ಲಿ ಕೂರಿಸಿ ಕೋಟೆಯಾಚೆ ಬಿಟ್ಟಿದ್ದರು. ಬರುವಾಗಲೂ ಅವರೇ ಕರೆಸಿಕೊಳ್ಳುತ್ತಾರೆ ಎಂದುಕೊಂಡಿದ್ದಳು.

ತಿಂಗಳು ಕಳೆದು, ಒಂದು ಬೆಳಗ್ಗೆ ಮೂರು ಮೂಟೆ ಬೆಲ್ಲ ಹೇರಿಕೊಂಡು ದೋಣಿಯಲ್ಲಿ ಬಂದು ನೋಡುತ್ತಾಳೆ, ಪೊರೆನಾಡು ಉಬ್ಬಿಕೊಂಡಿದೆ! ಪೊರೆಯವರ ಮೈ ಬಿಗಿದು ನೋಯುತ್ತಿದೆ. ಅವರ ಸಂದಿಯಿಂದ ಒಳಗಿನದೆಲ್ಲ ಮಬ್ಬಾಗಿ ಕಾಣುತ್ತಿದೆ. ಬೀದಿಗಳಲ್ಲಿ ಎದೆಮಟ್ಟ ನೀರು.

"ಏನಾಯ್ತಪ್ಪ ಇದು?" ಎಂದಳು ಎದುರಿಗಿದ್ದ ಪೊರೆಯವನಿಗೆ.

"ಚೌಳಿಗ ಎಂಬ ಮಾಯಾವಿ ಬಂದ ತಾಯಿ. ಉಗ್ರಾಣದ ಬೆಲ್ಲ ಮುಟ್ಟಿದ, ಎಲ್ಲ ಕಲ್ಲಾಯಿತು. ಉಪ್ಪುಗಾರರು ಸೊರಗಿ ಬಿದ್ದರು. ಉಪ್ಪು ಒಳಗೇ ಉಳಿಯಿತು, ಉಪ್ಪಿನ ಹಿಂದೆ ನೀರು ಬಂತು. ಸಂಜೆಯೊಳಗೆ ನಾಡು ಒಡೆದು ಕಡಲಾಗುತ್ತದೆ. ಆಮೇಲೆ ಕಡಲಿಗೆಲ್ಲ ತಾನೇ ರಾಜನಂತೆ."

"ಅವನನ್ನು ಒಳಗೆ ಬಿಟ್ಟವರು ಯಾರು?"

"ಮೈತುಂಬ ಎಣ್ಣೆ ಬಳಿದುಕೊಂಡು ಬಂದ. ಎಣ್ಣೆಯವರೆಂದರೆ ನಮ್ಮವರು. ನಾವು ಕೇಳುವುದಿಲ್ಲ."

"ಸರಿ, ನನ್ನನ್ನೂ ಬಿಡು. ಬೆಲ್ಲ ತಂದಿದ್ದೀನಿ. ನನ್ನ ಗಂಡ ಒಳಗಿದ್ದಾನೆ."

ಅವನು ಬಾಯಿ ತೆರೆಯುವಷ್ಟರಲ್ಲಿ ಜಾರಿ ಹೋದ. ಅವನ ಜಾಗಕ್ಕೆ ಇನ್ನೊಬ್ಬಳು ಬಂದಳು. "ಏನು ಬೇಕಿತ್ತಮ್ಮ?" ಎಂದಳು. ಕೆಂಪಾಜಮ್ಮ ಮೊದಲಿನಿಂದ ಹೇಳಿದಳು. ಅವಳೂ ಜಾರಿದಳು. ಮೂರನೆಯವನು ಬಂದ. "ಏನು ಬೇಕಿತ್ತಮ್ಮ?"

"ನಿಮ್ಮಲ್ಲಿ ಒಬ್ಬರಾದರೂ ಒಂದು ಗಳಿಗೆ ಕೂತಲ್ಲಿ ಕೂತಿರಬಾರದೇನ್ರಪ್ಪ!" ಎಂದು ಕೂಗಿ, ಅವಳು ಇಬ್ಬರ ನಡುವೆ ಕೈ ತೂರಿಸಿ ನುಗ್ಗಿದಳು. ಕೈಯ ನೀರು ಎಣ್ಣೆಕಾಲುಗಳಿಗೆ ತಗುಲಿದ್ದೇ ತಡ, ಇಡೀ ಕೋಟೆ ಬೆಚ್ಚಿ ಅವಳನ್ನು ಆಚೆ ನೂಕಿತು.

"ನೀನು ಒದ್ದೆ," ಎಂದ ನಾಲ್ಕನೆಯವನು. "ಒದ್ದೆಯವರಿಗೆ ಇಲ್ಲಿ ದಾರಿಯಿಲ್ಲ. ನೀರಿನವರ ಗಂಡಿ ಬೇರೆ ಇದೆ, ಅತ್ತ ಹೋಗು."

ಕಡಲ ಮಧ್ಯೆ ಇರುವವಳು ಒದ್ದೆಯಾಗದೆ ಇನ್ನೇನಾಗಬೇಕು? ಕೆಂಪಾಜಮ್ಮ ಹಲ್ಲು ಕಚ್ಚಿ ದೋಣಿ ತಿರುಗಿಸಿದಳು.

ನೀರಿನ ಗಂಡಿ ಕೋಟೆಯ ಈಚೆಯಿಂದ ಆಚೆಗೆ ಕೊರೆದ ಸಣ್ಣ ಕೊಳವೆ. ನೀರಿನ ಹನಿಗಳು ಒಂದರ ಹಿಂದೊಂದು ಸಾಲಾಗಿ ಒಳಗೆ ಓಡುತ್ತಿದ್ದವು. ಬಾಗಿಲಲ್ಲಿ ಕಾವಲುಗಾರನೊಬ್ಬ ಆಕಳಿಸುತ್ತ ಕೂತಿದ್ದ.

"ಅಯ್ಯಾ, ನಾನು ಒಳಗೆ ಹೋಗಬೇಕು."

ಅವನು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ನೀನು ನೀರೇ?"

"ನೀರಿನ ಹಾಗೆ ಕಾಣ್ತೀನಾ?"

"ಇಲ್ಲ. ದಪ್ಪ ಇದ್ದೀಯ."

"ಒಳಗೆ ನೀರು ಹೆಚ್ಚಾಗಿಯೇ ಎಲ್ಲರೂ ಸಾಯ್ತಿದ್ದಾರಲ್ಲೋ! ಗಂಡಿ ಮುಚ್ಚಬಾರದೇನು?"

"ಈ ಗಂಡಿಗೆ ಕದವೇ ಇಲ್ಲ. ನೀರು ಎತ್ತ ಹೋಗಬೇಕು ಎನ್ನುವುದನ್ನು ಉಪ್ಪು ಹೇಳುತ್ತದೆ, ನಾನಲ್ಲ." ಅವನು ಮತ್ತೆ ಆಕಳಿಸಿದ. "ಮೂಟೆಯಲ್ಲಿರುವುದು ಬೆಲ್ಲವಾದರೆ ಬೆಲ್ಲದ ಬಾಗಿಲಿಗೆ ಹೋಗು."

"ಅದನ್ನು ಮೊದಲೇ ಒಬ್ಬರೂ ಹೇಳಲಿಲ್ಲವಲ್ಲ!"

ಬೆಲ್ಲದ ಬಾಗಿಲಲ್ಲಿ ಒಬ್ಬ ದಢೂತಿ ಹೆಂಗಸಿದ್ದಳು. ಹೊರಗೆ ಮಡಿಲು ತೆರೆದು ಒಂದು ಅಚ್ಚು ಬೆಲ್ಲ ಹಾಕಿಕೊಳ್ಳುವಳು, ಮಡಿಲು ಮುಚ್ಚುವಳು, ಮಗ್ಗುಲು ಬದಲಿಸಿ ಒಳಗಡೆ ತೆರೆದು ಬಿಡುವಳು. ಹೊರಗೆ ಬೆಲ್ಲ ಹೆಚ್ಚಿದ್ದು ಒಳಗೆ ಕಡಿಮೆಯಿದ್ದರೆ ಸಾಕು, ಅವಳಿಗೆ ಬೇರೆ ಕೂಲಿ ಬೇಡ. ಕೆಂಪಾಜಮ್ಮನಿಗೆ ಹೋದ ಜೀವ ಬಂದಂತಾಯಿತು. ಇಡೀ ಒಂದು ಮೂಟೆಯನ್ನು ಅಚ್ಚು ಅಚ್ಚಾಗಿ ಕೊಟ್ಟಳು.

ಆದರೆ ಒಳಗೆ ಅದನ್ನು ಎತ್ತಿಕೊಳ್ಳುವವರೇ ಇರಲಿಲ್ಲ. ಉಪ್ಪುಗಾರರಿಗೆ ಕೈ ಚಾಚಲೂ ತ್ರಾಣವಿಲ್ಲ. ಎಣ್ಣೆ ಹೊಳೆಯುವ ಚೌಳಿಗ ನೀರಿನಲ್ಲಿ ನಡೆದು ಬಂದು, ನಗುನಗುತ್ತ ಒಂದೊಂದೇ ಅಚ್ಚನ್ನು ಮುಟ್ಟಿದ. ಎಲ್ಲ ಕಲ್ಲಾಗಿ ಮುಳುಗಿತು. ಪಕ್ಕದಲ್ಲೇ ಉಪ್ಪುಗಾರರ ಕಟ್ಟೆಯ ಮೇಲೆ ದೊಡ್ಡೀರಯ್ಯ ಬಾಯಿ ತೆರೆದುಕೊಂಡು ಬಿದ್ದಿದ್ದ.

"ನನ್ನನ್ನೂ ದಾಟಿಸಮ್ಮ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು ಕೆಂಪಾಜಮ್ಮ.

"ನೀನು ಬೆಲ್ಲವಲ್ಲವಲ್ಲ," ಎಂದಳು ಬಾಗಿಲ ಹೆಂಗಸು.

ಕೆಂಪಾಜಮ್ಮ ದೋಣಿಯಲ್ಲಿ ಕುಸಿದು ಕೂತಳು. ಸೂರ್ಯ ಇಳಿಯುತ್ತಿದ್ದ. ಕೋಟೆ ಕಿರ್ರೆಂದು ನರಳುತ್ತಿತ್ತು. ಅವಳಿಗೆ ಅಳು ಬಂತು. ಅಳುವುದಕ್ಕೂ ಹೊತ್ತಿಲ್ಲವಲ್ಲ ಎಂದು ಅದರ ಮೇಲೆ ಸಿಟ್ಟು ಬಂತು. "ಹಾಳು ಕೋಟೆ! ಕೆಡಿಸುವವನಿಗೆ ಹಾದಿ, ಉಣಿಸುವವಳಿಗೆ ಕದ!" ಎನ್ನುತ್ತ ಅಂಗೈಯಿಂದ ಕೋಟೆಗೆ ರಪ್ಪನೆ ಬಡಿದಳು.

ಬಡಿದ ಕೈಯನ್ನು ಯಾರೋ ಹಿಡಿದುಕೊಂಡರು. ನೋಡಿದರೆ ಕೋಟೆಯಿಂದ ಹೊರಗೆ ಚಾಚಿಕೊಂಡ ಒಬ್ಬ ಅಜ್ಜಿ. ಅವಳ ತಲೆಯಿಂದ ಸಕ್ಕರೆಯ ಜಡೆಗಳು ಕಡಲಿಗೆ ಇಳಿಬಿದ್ದಿದ್ದವು. ಅವಳು ಆ ಅಂಗೈಯನ್ನು ಬೆರಳು ಬೆರಳಾಗಿ ಸವರಿದಳು. ಪಾಕ ಸಿಡಿದು ಸುಟ್ಟ ಗುರುತುಗಳ ಮೇಲೆ ಅವಳ ಬೆರಳುಗಳು ನಿಂತವು.

"ಇದು ನಮ್ಮ ಆಲೆಮನೆಯ ಕೈ. ಯಾರು, ಕೆಂಪಾಜಿಯೇ?"

"ಹೌದಜ್ಜಿ! ನಾನೇ!"

"ಗುರುತು ಹಿಡಿಯಲಿಕ್ಕೆಂದೇ ನಾನು ಇಲ್ಲಿ ಕೂತಿರುವುದು. ಬೆಳಗ್ಗೆಯೇ ಕೈ ಕೊಡಬಾರದಿತ್ತೇ?"

ಕೆಂಪಾಜಮ್ಮ ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.

ಅಜ್ಜಿ ಮೆಲ್ಲಗೆ ಒಳಕ್ಕೆ ಎಳೆದಳು. ಪೊರೆಯವರು ದೋಣಿಯ ಸುತ್ತ ಹಳ್ಳವಾಗಿ ತಗ್ಗಿದರು, ಮೇಲಿನಿಂದ ಬಾಗಿ ಕೂಡಿಕೊಂಡರು. ದೋಣಿ, ಮೂಟೆ, ಕೆಂಪಾಜಮ್ಮ ಎಲ್ಲವನ್ನೂ ಸುತ್ತಿದ ಒಂದು ಗುಳ್ಳೆ ಕೋಟೆಯಿಂದ ಕಳಚಿಕೊಂಡು ಒಳಗೆ ತೇಲಿತು. ಉಪ್ಪುಗಾರರ ಕಟ್ಟೆಯ ಬಳಿ ಅದು ಬಿಚ್ಚಿಕೊಂಡಿತು.

ಅವಳು ನೀರಿಗೆ ಧುಮುಕಿ, ಮೂಟೆಗಳನ್ನು ತಲೆಯ ಮೇಲೆ ಹೊತ್ತು ಕಟ್ಟೆ ಹತ್ತಿದಳು. ಒಂದು ಮೂಟೆ ಬಿಚ್ಚಿ, ಸಾಲಾಗಿ ಬಿದ್ದಿದ್ದವರ ಬಾಯಿಗೆಲ್ಲ ಬೆಲ್ಲ ತುರುಕುತ್ತ ಹೋದಳು. ಗಂಡನ ಗದ್ದ ಹಿಡಿದೆತ್ತಿ, "ಅಗೀರಿ! ಮಾತು ಆಮೇಲೆ!" ಎಂದಳು. ದೊಡ್ಡೀರಯ್ಯ ಕಣ್ಣು ಬಿಟ್ಟ.

ಅಷ್ಟರಲ್ಲಿ ಚೌಳಿಗ ಓಡಿ ಬಂದು ಕೊನೆಯ ಮೂಟೆಗೆ ಕೈ ಹಾಕಲು ಹೋದ. ಬೆಳಗಿನಿಂದ ಒದ್ದೆ, ದಪ್ಪ, ಬೆಲ್ಲವಲ್ಲ ಎಂದೆಲ್ಲ ಅನ್ನಿಸಿಕೊಂಡಿದ್ದ ಕೆಂಪಾಜಮ್ಮನಿಗೆ ಇನ್ನು ಒಂದು ಎಳೆ ತಾಳ್ಮೆಯೂ ಉಳಿದಿರಲಿಲ್ಲ. ಖಾಲಿ ಗೋಣಿಯನ್ನು ಅವನ ಮೇಲೆಸೆದು, ಕೆಡವಿ, ಮಂಡಿಯೂರಿ, ಪಾತ್ರೆ ಉಜ್ಜುವಂತೆ ಉಜ್ಜಿದಳು. ಎಣ್ಣೆಯೆಲ್ಲ ಗೋಣಿಗೆ ಬಂತು. ಅಡಿಯಲ್ಲಿ ಬೆಳ್ಳಗೆ, ಹರಳು ಹರಳಾಗಿ ಮೈ ಕಂಡಿತು.

ದೊಡ್ಡೀರಯ್ಯ ಬೆರಳಿಂದ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡ. "ಇದು ಉಪ್ಪು ಕಣೇ!"

"ನಾನು ಮಾಯಾವಿ!" ಎಂದು ಚೌಳಿಗ ಅರಚಿದ.

"ಇರಬಹುದು," ಎಂದ ದೊಡ್ಡೀರಯ್ಯ ಬೆಲ್ಲ ಅಗಿಯುತ್ತ. ಅವನಿಗೂ ಅವನ ಜೊತೆಯವರಿಗೂ ಉಪ್ಪು ಕಂಡರೆ ಗೊತ್ತಿದ್ದದ್ದು ಒಂದೇ ಕೆಲಸ. ಮೂರು ಬುಟ್ಟಿ ಹೊರಗೆ, ಎರಡು ಬುಟ್ಟಿ ಒಳಗೆ. ಮೂರು ಹೊರಗೆ, ಎರಡು ಒಳಗೆ. ಚೌಳಿಗನ ಕಾಲು ಹೋಯಿತು, ಹೊಟ್ಟೆ ಹೋಯಿತು, ಬೈಯುತ್ತಿದ್ದ ತಲೆಯೂ ಹೋಯಿತು. ಕಡಲಿನಲ್ಲಿ ಕರಗಿ ಅವನು ಇಲ್ಲವಾದ. ಆ ಕ್ಷಣವೇ ಉಗ್ರಾಣದ ಕಲ್ಲುಗಳೆಲ್ಲ ಮತ್ತೆ ಬೆಲ್ಲವಾದವು. ಬೀದಿಯ ಉಪ್ಪು ಖಾಲಿಯಾದಂತೆ ನೀರೂ ಅದರ ಹಿಂದೆಯೇ ಇಳಿಯಿತು. ಉಬ್ಬಿದ ನಾಡು ತನ್ನ ಅಳತೆಗೆ ಬಂತು. ಪೊರೆಯವರು ಉಸ್ಸೆಂದು ಮೈ ಸಡಿಲಿಸಿ ಜಾರತೊಡಗಿದರು.

ಅರಮನೆಯ ಅಟ್ಟ ಹತ್ತಿ ಕೂತಿದ್ದ ರಾಜ ಕೇತರಸ ಇಳಿದು ಬಂದ. "ತಾಯಿ ಕೆಂಪಾಜಮ್ಮ, ಅರ್ಧ ರಾಜ್ಯ ಕೊಡಲೇ? ಆನೆ ಕೊಡಲೇ? ಏನು ಬೇಕು ಕೇಳು," ಎಂದ.

"ಒಂದು ಒಣ ಸೀರೆ ಕೊಡಿ, ಬುದ್ಧಿ. ಆಮೇಲೆ ನಾಳೆ ಮಧ್ಯಾಹ್ನದವರೆಗೆ ಯಾರೂ ನನ್ನನ್ನು ಏನು ಬೇಕು ಅಂತ ಕೇಳಬೇಡಿ."

ಹಾಗೆಯೇ ಆಯಿತು. ಪೊರೆನಾಡಿನವರು ಉಂಡುಟ್ಟು ಬಹುಕಾಲ ಸುಖವಾಗಿದ್ದರು. ಮರುದಿನ ಗೆದ್ದ ಸುದ್ದಿ ಸಾರಲು ಹೊರಟ ಡಂಗುರದವನು ಮಾತ್ರ, ಕೆಂಪಾಜಮ್ಮ ಮಲಗಿದ್ದ ಬೀದಿ ಬಂದಾಗ, ತಮಟೆಯನ್ನು ಕಂಕುಳಲ್ಲಿ ಅವುಚಿಕೊಂಡು ತುದಿಗಾಲಲ್ಲಿ ದಾಟಿಹೋದ.