ದೊಡ್ಡಪ್ಪನ ಉಳಿದರ್ಧ ಕಥೆಗಳು

"ಕಂಪ್ಯೂಟರ್ ಡಿಸ್ಕಿನ ಕೆಲಸ ಬಿಟ್ಟು ಎರಡು ವರ್ಷ ಆಯ್ತು ಟೀಚರ್. ಈಗ ಬರೀ ಫ್ಯಾನು, ಮಿಕ್ಸಿ."

ಅವನು ತಲೆ ಎತ್ತಲಿಲ್ಲ. ಬಿಚ್ಚಿಟ್ಟ ಫ್ಯಾನಿಗೆ ತಾಮ್ರದ ತಂತಿ ಸುತ್ತುತ್ತಲೇ ಹೇಳಿದ. ಆದರೆ ಅವಳು ಅಂಗಡಿಯ ಮೆಟ್ಟಿಲು ಹತ್ತಿದಾಗ ಆ ಕೈ ಒಂದು ಕ್ಷಣ ನಿಂತದ್ದು ಅವಳ ಕಣ್ಣಿಗೆ ಬಿದ್ದಿತ್ತು.

ಎಷ್ಟು ಇಳಿದು ಹೋಗಿದ್ದಾರೆ... ಇದಕ್ಕೆಲ್ಲ ಕಾರಣ ನಾನೇ ಅಲ್ಲವೇ?

ಅವಳು ಕಿವುಡ ಮಕ್ಕಳ ಶಾಲೆಯ ಟೀಚರ್. ತಬ್ಬಲಿಯಾಗಿದ್ದ ಅವಳನ್ನು ಸಾಕಿದ ದೊಡ್ಡಪ್ಪ ಅದೇ ಶಾಲೆಯಲ್ಲಿ ನಲವತ್ತು ವರ್ಷ ಪಾಠ ಹೇಳಿದವರು. ಅವರಿಗೂ ಕಿವಿ ಕೇಳದು. ಕೈಸನ್ನೆಯಲ್ಲಿ ಅವರು ಕಥೆ ಶುರು ಮಾಡಿದರೆ ಮಕ್ಕಳಿಗೆ ಹಸಿವೂ ನೆನಪಾಗುತ್ತಿರಲಿಲ್ಲ. ಆ ಕಥೆಗಳನ್ನೆಲ್ಲ ಅವಳು ಕೂತು ವಿಡಿಯೊ ಮಾಡಿದ್ದಳು. ಈಗ ದೊಡ್ಡಪ್ಪನ ಕೈ ನಡುಗುತ್ತದೆ. ಲೋಟ ಹಿಡಿಯುವುದೇ ಕಷ್ಟ. ಇನ್ನೊಮ್ಮೆ ಹೇಳಿಸುವ ಮಾತೇ ಇಲ್ಲ.

ಅರ್ಧ ಕಥೆಗಳು ಎರಡು ವರ್ಷದ ಹಿಂದೆಯೇ ಅಳಿಸಿಹೋಗಿದ್ದವು. ಆಗ ಶಾಲೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಇವನೇ; ಅಳಿಸಿದ್ದು ಕಂಡ ದಿನ ಅದರ ಡಿಸ್ಕಿಗೆ ಕೈ ಹಾಕಿದ್ದವನೂ ಇವನೇ. ದೊಡ್ಡಪ್ಪನ ಜೊತೆ ಹರಟಲೆಂದು ಸನ್ನೆ ಕಲಿತವನು. ಅವಳ ಮನಸ್ಸಿನಲ್ಲಿ ಸದ್ದಿಲ್ಲದೆ ಮನೆ ಮಾಡಿದ್ದವನು.

"ನಿಮ್ಮನ್ನ ನಂಬಿದ್ದೇ ತಪ್ಪು," ಎಂದು ಅವಳು ಎಲ್ಲರೆದುರು ಅಂದಿದ್ದಳು. ಅವನು ಒಂದು ಮಾತೂ ಎದುರಾಡದೆ ಹೊರಟುಹೋಗಿದ್ದ.

ಈಗ ಅವಳು ಟವೆಲಿನಲ್ಲಿ ಸುತ್ತಿ ತಂದಿದ್ದ ಡಿಸ್ಕನ್ನು ಮೇಜಿನ ಮೇಲಿಟ್ಟಳು.

"ಉಳಿದರ್ಧ ಇದರಲ್ಲಿದೆ. ಹಳೇ ಕಂಪ್ಯೂಟರ್ ಕೈಕೊಡ್ತು. ಹೊಸದರಲ್ಲಿ ಲಿನಕ್ಸ್ ಅನ್ನೋ ಬೇರೆ ವ್ಯವಸ್ಥೆ ಇದೆ, ನನಗೆ ತಲೆಬುಡ ತಿಳಿಯಲ್ಲ. ಬೇರೆ ಯಾರ ಕೈಗೂ ಕೊಡೋಕೆ ಧೈರ್ಯ ಇಲ್ಲ."

"ನನ್ನ ಕೈಗೆ ಕೊಡೋಕೆ ಇದೆಯಾ?"

ಅವಳು ತಲೆ ತಗ್ಗಿಸಿದಳು. ಡಿಸ್ಕನ್ನು ಅವನ ಕಡೆಗೆ ಇನ್ನಷ್ಟು ಸರಿಸಿದಳು.

ಅವನು ಶಾಲೆಗೆ ಬಂದ. ದೊಡ್ಡಪ್ಪನ ಸಲುವಾಗಿ ಎಂದ.

ಅಲ್ಲಿನ ಕಿರುಕೋಣೆಯಲ್ಲಿ ಹೊಸ ಕಂಪ್ಯೂಟರ್ ಬಿಚ್ಚಿದ. ಹಳೆಯ ಡಿಸ್ಕಿನ ಮೇಲೆ ಅಂಟಿಸಿದ್ದ ಚೀಟಿಯ ನಂಬರನ್ನು ಅವಳಿಂದ ಒಂದು ಹಾಳೆಯಲ್ಲಿ ಬರೆಸಿದ. ಆಮೇಲೆ ಆ ಡಿಸ್ಕನ್ನು ಕಂಪ್ಯೂಟರಿನೊಳಗಿದ್ದ ಹೊಸ ಡಿಸ್ಕಿನ ಪಕ್ಕದಲ್ಲೇ ಕೂರಿಸಿ, ತಂತಿ ಸಿಕ್ಕಿಸಿ, ದೂರ ಸರಿದು ನಿಂತ.

"ಕೀಬೋರ್ಡ್ ನಾನು ಮುಟ್ಟಲ್ಲ. ಹೇಳ್ತೀನಿ, ನೀವೇ ಒತ್ತಿ. ಮೊದಲನೇದು ಬರೀ ನೋಡೋ ಕಮಾಂಡ್, ಏನೂ ಅಳಿಸಲ್ಲ. ಹೆದರಬೇಡಿ."

ಅವಳು ಒಂದೊಂದೇ ಅಕ್ಷರ ಒತ್ತಿದಳು. ಪರದೆಯ ಮೇಲೆ ಎರಡು ಡಿಸ್ಕು ಕಂಡವು. ಎರಡಕ್ಕೂ ಒಂದೇ ಅಳತೆ, ಒಂದೇ ಕಂಪನಿ! ಇದರಲ್ಲಿ ದೊಡ್ಡಪ್ಪನದು ಯಾವುದು?

"ಎ, ಬಿ ಅಂತ ಹೆಸರಿದೆಯಲ್ಲ... ಬಿ ನಾವು ಹಾಕಿದ್ದಲ್ವಾ?"

"ಆ ಹೆಸರು ನಂಬಬೇಡಿ. ಇನ್ನೊಂದ್ಸಲ ಆನ್ ಮಾಡಿದ್ರೆ ಎ ಇದ್ದದ್ದು ಬಿ ಆಗಬಹುದು. ನಂಬರ್ ಮಾತ್ರ ಬದಲಾಗಲ್ಲ. ಹಾಳೆ ನೋಡಿ ಓದಿ."

"ಕೊನೇಲಿ ಏಳು, ಸೊನ್ನೆ, ಮೂರು, ಒಂಬತ್ತು." ಅವಳು ಪರದೆ ನೋಡಿದಳು. ಹಳೆಯ ಡಿಸ್ಕು ಎ ಆಗಿ ಕೂತಿತ್ತು. ಬಿ ಎಂದೇ ಮುಂದುವರಿದಿದ್ದರೆ...

"ಇನ್ನೊಂದ್ಸಲ ಓದಿ."

ಓದಿದಳು.

"ಇನ್ನೊಂದ್ಸಲ."

ತಿರುಗಿ ನೋಡಿದರೆ ಅವನ ಹಣೆ ಬೆವರಿತ್ತು.

"ಅವತ್ತು ನಾನು ಇಷ್ಟು ನೋಡ್ಲಿಲ್ಲ ಅನ್ಸುತ್ತೆ," ಎಂದ ಮೆಲ್ಲಗೆ. "ಎಲ್ಲಿ ಕೈ ತಪ್ಪಿತು ಅಂತ ಇವತ್ತಿಗೂ ಗೊತ್ತಾಗಿಲ್ಲ. ಎಷ್ಟೋ ಸಲ ಯೋಚಿಸಿದೀನಿ. ಅದಕ್ಕೇ ಈ ಕೆಲಸ ಬಿಟ್ಟೆ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಇನ್ನು ತಡೆದಿಟ್ಟುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

"ನಿಮ್ಮ ಕೈ ತಪ್ಪಲಿಲ್ಲ. ಅಳಿಸಿದ್ದು ನಾನು."

ಅವನು ಒಂದು ಹೆಜ್ಜೆ ಮುಂದೆ ಬಂದ.

"ಹಿಂದಿನ ಸಂಜೆ ಪರದೆ ಮೇಲೆ ಏನೋ ಬಂತು, ಫಾರ್ಮ್ಯಾಟ್ ಮಾಡಲಾ ಅಂತ. ಅರ್ಥ ಗೊತ್ತಿಲ್ಲದೆ ಸರಿ ಅಂತ ಒತ್ತಿಬಿಟ್ಟೆ. ಅವತ್ತು ನಿಮ್ಮನ್ನ ಬೈದಾಗ ನಿಜವಾಗ್ಲೂ ಗೊತ್ತಿರ್ಲಿಲ್ಲ. ತಿಂಗಳಾದ ಮೇಲೆ ಅದೇ ಮತ್ತೆ ಬಂತು. ಈ ಸಲ ಬೇರೆಯವರನ್ನ ಕೇಳಿದೆ; ಸರಿ ಅಂದ್ರೆ ಡಿಸ್ಕಲ್ಲಿರೋದೆಲ್ಲ ಅಳಿಸಿಹೋಗುತ್ತೆ ಅಂತ ಆಗ ತಿಳೀತು."

"ತಿಂಗಳಿಗೇ ತಿಳೀತಾ?"

"ಹೂಂ."

"ಆಮೇಲೆ ಇಷ್ಟು ದಿನ?"

"ನಾಲ್ಕು ಸಲ ನಿಮ್ಮ ಅಂಗಡಿ ಬೀದಿಗೆ ಬಂದೆ. ನೀವು ಫ್ಯಾನು ಬಿಚ್ಚುತ್ತಾ ಕೂತಿರೋದು ನೋಡಿ... ಯಾವ ಮುಖ ಇಟ್ಕೊಂಡು ಬರಲಿ ಅಂತ ವಾಪಸ್ ಹೋದೆ."

ಅವನು ಕಿಟಕಿಯ ಬಳಿ ಹೋಗಿ ನಿಂತ. ಅವಳಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಹೊರಟುಹೋದರೆ ತಡೆಯುವ ಹಕ್ಕು ಅವಳಿಗೆಲ್ಲಿತ್ತು?

ಅಲ್ಲಿಂದಲೇ ಅವನ ಒಣ ದನಿ ಕೇಳಿಸಿತು.

"ಒಂದು ಖಾಲಿ ಫೋಲ್ಡರ್ ಮಾಡಿ. ಡಿಸ್ಕನ್ನ ಅದಕ್ಕೆ ಸೇರಿಸ್ಬೇಕು. ಮೌಂಟ್ ಅಂತಾರೆ. ಓದೋಕೆ ಮಾತ್ರ ಅಂತ ಸೇರಿಸಿ. ಆಗ ಅದರೊಳಗೆ ಏನು ಅಳಿಸೋಕೆ ಹೋದ್ರೂ ಕಂಪ್ಯೂಟರ್ ಬಿಡಲ್ಲ."

ಅವಳ ಕಣ್ಣು ತುಂಬಿ ಅಕ್ಷರಗಳೆಲ್ಲ ಕಲಸಿಹೋದವು. "ನನ್ನ ಕೈಲಾಗಲ್ಲ," ಎಂದಳು.

ಅವನು ಹತ್ತಿರ ಬಂದ. ಒಂದು ಕ್ಷಣ ಹಿಂಜರಿದ. ಆಮೇಲೆ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡ.

ನಂಬರನ್ನು ಮತ್ತೊಮ್ಮೆ ಹೋಲಿಸಿ ನೋಡಿ, ಫೋಲ್ಡರ್ ಮಾಡಿ, ಒಂದು ಸಾಲು ಬರೆದು, ಕಣ್ಣು ಮುಚ್ಚಿ ಎಂಟರ್ ಒತ್ತಿದ.

ಫೋಲ್ಡರಿನ ತುಂಬ ವಿಡಿಯೊಗಳು! ಅವಳು ಒಂದನ್ನು ತೆರೆದಳು. ದೊಡ್ಡಪ್ಪ ನಿಂತಿದ್ದರು. ಅವರ ಎರಡು ಕೈ ಗಾಳಿಯಲ್ಲಿ ಹಕ್ಕಿಯಾಗಿ ಎದ್ದು, ಮರವಾಗಿ ನಿಂತವು. ಒಂದಿಷ್ಟೂ ನಡುಕವಿರಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಕಥೆ ಮುಗಿಯುವವರೆಗೂ ಇಬ್ಬರೂ ನೋಡಿದರು.

"ನಾಳೆ ಎಲ್ಲರಿಗೂ ಹೇಳ್ತೀನಿ, ತಪ್ಪು ನಂದು ಅಂತ. ಅವತ್ತು ಯಾರ ಮುಂದೆ ಅಂದಿದ್ನೋ ಅವರ ಮುಂದೇನೇ."

"ಹೇಳಿ," ಎಂದ. "ಕೋಪ ಬಂದಿದೆ ನನಗೆ. ಬೇಗ ಹೋಗೋ ಕೋಪ ಅಲ್ಲ ಇದು."

"ಇರಲಿ. ಬೈದುಬಿಡಿ ಬೇಕಾದ್ರೆ."

"ಎರಡು ವರ್ಷ ನಿಮ್ಮನ್ನ ಮರೆಯೋಕೆ ನೋಡಿದೆ. ಅದೂ ಆಗ್ಲಿಲ್ಲ."

ಅವಳು ಕಣ್ಣೊರೆಸಿಕೊಂಡಳು. "ನನಗೂ ಆಗ್ಲಿಲ್ಲ... ಒಂದು ದಿನಾನೂ."

ಅವನು ಎದ್ದು ಕಂಪ್ಯೂಟರಿನ ಮುಚ್ಚಳ ಕೂರಿಸಿದ. ಬಾಗಿಲವರೆಗೆ ಹೋಗಿ ನಿಂತ.

"ನಾಳೆ ಇನ್ನೊಂದು ಡಿಸ್ಕ್ ತರ್ತೀನಿ. ಇವನ್ನೆಲ್ಲ ಪ್ರತಿ ಮಾಡಿಡ್ಬೇಕು."

"ಪ್ರತಿ ಮಾಡಿ ಮುಗಿದ ಮೇಲೆ?"

"ಮುಗಿದ ಮೇಲೂ ಬರ್ತೀನಿ."