ಮಾರಿತ್ ಮಾತಾಡುವಾಗ

"ಕಂಗ್ರಾಟ್ಸ್!" ಎಂದು ಸಿಂದ್ರೆ ಮನಸಾರೆ ಹೇಳಿದ್ದ. ಕಾಫಿ ಕಪ್ಪಿನ ಮೇಲಿಂದ ಮಾರಿತ್ ನೋಡಿದ ನೋಟಕ್ಕೆ ಅವನ ನಗು ಅರ್ಧಕ್ಕೇ ನಿಂತಿತು.

"ಯಾಕೆ? ನನ್ನಲ್ಲಿ ಏನು ರಿಪೇರಿ ಆಗ್ಬೇಕಿತ್ತು?"

ಬೆರ್ಗೆನ್ ಎಂಬ ಬಂದರು ಪಟ್ಟಣದಲ್ಲಿ ಹಡಗುಗಳ ನಕ್ಷೆ ಬರೆಯುವ ಆ ಕಚೇರಿಯಲ್ಲಿ ಇಬ್ಬರದೂ ಎದುರುಬದುರು ಮೇಜು. ಹೆಂಗಸರಿಗೆಂದೇ ಕಂಪನಿ ನಡೆಸುವ ನಾಯಕತ್ವದ ತರಬೇತಿಗೆ ಅವಳು ಆಯ್ಕೆಯಾಗಿದ್ದಳು. ಇದರಲ್ಲಿ ಸಿಟ್ಟಾಗುವಂಥದ್ದೇನು? ಸಿಂದ್ರೆಗೆ ತಲೆಬುಡ ತಿಳಿಯಲಿಲ್ಲ. ಸಿಟ್ಟಿನಲ್ಲೂ ಅವಳ ಕಣ್ಣು ಇಷ್ಟು ಚೆಂದ ಕಾಣುವುದು ಯಾಕೆಂದೂ ತಿಳಿಯಲಿಲ್ಲ.

ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಿತ್ತು. ಇಬ್ಬರೂ ಅರ್ಜಿ ಹಾಕಿದ್ದರು. "ಹೆಂಗಸರ ಕ್ಲಾಸಿಗೆ ಹೋದವಳಿಗೇ ಕುರ್ಚಿ, ಬಿಡಪ್ಪಾ" ಎಂದು ಕ್ಯಾಂಟೀನಿನಲ್ಲಿ ಯಾರೋ ನಕ್ಕರು. ಸಿಂದ್ರೆ ನಗಲಿಲ್ಲ. ಅಂದೇ ತನ್ನ ಅರ್ಜಿ ವಾಪಸ್ ತೆಗೆದುಕೊಂಡ.

ತರಬೇತಿ ಮುಗಿಸಿ ಬಂದ ಸಂಜೆ ಇಬ್ಬರೂ ಒಂದೇ ದೋಣಿಯಲ್ಲಿ ಮನೆಗೆ ಹೊರಟರು. ಗಾಳಿಗೆ ಹಾರುವ ಕೂದಲನ್ನು ಅವಳು ಟೋಪಿಯೊಳಗೆ ತುರುಕುತ್ತಿದ್ದಳು.

"ಏನು ಕಲಿಸಿದ್ರು?"

"ಮೀಟಿಂಗಲ್ಲಿ ಧೈರ್ಯವಾಗಿ ಮಾತಾಡೋದು. ಬಂದೋರೆಲ್ಲ ಮೊದ್ಲೇ ಮಾತಾಡೋರು ಕಣೋ. ಕೇಳಿಸ್ಕೋಬೇಕಾದೋರು ಒಬ್ರೂ ಅಲ್ಲಿರಲಿಲ್ಲ."

"ಹಾಗಾದ್ರೆ ದಂಡ?"

"ದಂಡ ಅಂತ ಯಾರಂದ್ರು? ನನಗೊಬ್ಳಿಗೇ ಹೀಗಾಗೋದು ಅಂದ್ಕೊಂಡಿದ್ದೆ. ಎಲ್ಲರದೂ ಇದೇ ಕತೆ! ಹೊಟ್ಟೆ ಹುಣ್ಣಾಗೋ ಹಾಗೆ ನಕ್ವಿ."

ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ? ಸಿಂದ್ರೆ ಪಿಳಿಪಿಳಿ ಕಣ್ಣು ಬಿಟ್ಟ. ಅವಳನ್ನು ಇನ್ನಷ್ಟು ಖುಷಿಪಡಿಸೋಣವೆಂದು ಅರ್ಜಿಯ ವಿಷಯ ಹೇಳಿಬಿಟ್ಟ.

ಮಾರಿತ್ ಮುಖ ಕೆಂಪೇರಿತು. "ನಿನ್ನನ್ನ ಎದುರಿಸಿ ಗೆಲ್ಲೋಕೆ ನನಗಿದ್ದ ಒಂದೇ ಅವಕಾಶ. ಅದನ್ನೂ ದಾನ ಮಾಡಿಬಿಟ್ಯಾ, ಪುಣ್ಯಾತ್ಮ?"

"ನಿನಗೋಸ್ಕರ..."

"ಬೇಡ! ನಾಳೇನೇ ತಿರುಗಿ ಹಾಕು."

"ಮತ್ತೆ ನಾನೇನು ಮಾಡ್ಲಿ ಮಾರಿತ್? ನನಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ."

ಅವಳು ದಡದ ದೀಪಗಳ ಕಡೆ ತಿರುಗಿದಳು. ದನಿ ಮೆತ್ತಗಾಗಿತ್ತು. "ಮೀಟಿಂಗಲ್ಲಿ ನಾನು ಮಾತಾಡಿದ್ರೆ ಬಾಸ್ ಟೊರ್ಗೆರ್ ನಿನ್ನ ಮುಖ ನೋಡ್ತಾರೆ, ಹೌದಾ ಅಲ್ವಾ ಅಂತ. ನೀನು ತಲೆ ಆಡಿಸ್ತೀಯ. ಆಮೇಲೆ ಅದು ನಿನ್ನ ಮಾತಾಗುತ್ತೆ."

ಸಿಂದ್ರೆ ಒಂದೊಂದೇ ಮೀಟಿಂಗನ್ನು ನೆನೆಸಿಕೊಂಡ. ಎಷ್ಟು ಸಲ ತಲೆ ಆಡಿಸಿದ್ದೆನೋ!

ಸೋಮವಾರದ ಮೀಟಿಂಗಿನಲ್ಲಿ ನಕ್ಷೆಯಲ್ಲಿ ಹೊಸ ವಿದ್ಯುತ್ ಹಡಗಿನ ಬ್ಯಾಟರಿ ಕೋಣೆಯನ್ನು ಹಿಂದಕ್ಕೆ ಸರಿಸಬೇಕೆಂದು ಮಾರಿತ್ ಹೇಳತೊಡಗಿದಳು. ಕಂಪನಿಯ ಬಾಸ್ ಟೊರ್ಗೆರ್ ಎಂದಿನಂತೆ ಸಿಂದ್ರೆಯತ್ತ ತಿರುಗಿದರು. ಸಿಂದ್ರೆ ತಲೆ ಆಡಿಸಲಿಲ್ಲ. ಮಾರಿತ್ ಮುಖದಿಂದ ಕಣ್ಣು ತೆಗೆಯಲೂ ಇಲ್ಲ. ಟೊರ್ಗೆರ್ ತುಸು ಹೊತ್ತು ಕಾದರು. ಕೊನೆಗೆ ಅವರೂ ಅವಳತ್ತಲೇ ತಿರುಗಿ, "ಎಷ್ಟು ಹಿಂದಕ್ಕೆ, ಮಾರಿತ್?" ಎಂದರು.

ಅವಳು ವಿವರಿಸಿದಳು. ಉಳಿದವರೆಲ್ಲ ಬರೆದುಕೊಂಡರು, ಎದ್ದರು, ಹೊರಟರು, ಸಿಂದ್ರೆಯೊಬ್ಬನ ಹೊರತು.

"ಮಾತು ಮುಗಿದು ಆಗ್ಲೇ ಎಷ್ಟೊತ್ತಾಯ್ತು" ಎಂದಳು ಮಾರಿತ್, ಕೆನ್ನೆ ಬಿಸಿಯಾಗಿ. "ಇನ್ನೂ ನೋಡ್ತಾ ಇದೀಯ."

"ಅರ್ಜಿ ತಿರುಗಿ ಹಾಕಿದೀನಿ. ನಿನ್ನನ್ನ ಸೋಲಿಸೋಕೆ ಪೂರ್ತಿ ಪ್ರಯತ್ನ ಮಾಡ್ತೀನಿ" ಎಂದ ಸಿಂದ್ರೆ. "ಆಮೇಲೆ... ನಿನ್ನನ್ನ ಪ್ರೀತಿಸ್ತೀನಿ. ಎರಡೂ ಒಟ್ಟಿಗೆ ಹೇಗೆ ಆಗುತ್ತೋ, ಗೊತ್ತಿಲ್ಲ."

"ನನಗೂ ಗೊತ್ತಿಲ್ಲ" ಎಂದು ಮಾರಿತ್ ಅವನ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತಳು.