ಮೂರು ಗೆರೆಯ ಅರ್ಜಿ

“ಅಜ್ಜಿ, ಇಲ್ಲಿ ಮೂರೇ ಗೆರಿ ಅದಾವ. ಮೂರು ಗೆರ್ಯಾಗ ಹಿಡಿಸೋ ಅಷ್ಟು ಹೇಳ್ರಿ,” ಎಂದಳು ಶಿಲ್ಪಶ್ರೀ. ಈ ಮಾತನ್ನು ಅವಳು ಹೇಳುತ್ತಿರುವುದು ನಾಲ್ಕನೇ ಸಲ.

ಎದುರುಮನೆಯ ತಾಯಕ್ಕಜ್ಜಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳಿಗೆ ಆ ಮಾತು ಕೇಳಿಸಿದಂತೆಯೇ ಕಾಣಲಿಲ್ಲ.

“ಅವಾಗ ನಾನು ನಮ್ಮವ್ವನ ಸೊಂಟದ ಮ್ಯಾಲಿದ್ದೆ. ನಮ್ಮದೊಂದು ಕೆಂದಾಕಳ ಇತ್ತು. ಅದು ಗಾಡಿ ಹಿಂದ ಒಂದು ಹೆಜ್ಜಿನೂ ಬರವಲ್ದು...”

ಶಿಲ್ಪಶ್ರೀ ಪೆನ್ನಿನ ಕ್ಯಾಪ್ ಕಚ್ಚಿದಳು. ಅರ್ಜಿಯಲ್ಲಿ ‘ಆಕ್ಷೇಪಣೆಯ ವಿವರ’ ಎಂದು ಅಚ್ಚಾಗಿತ್ತು. ಅದರಲ್ಲಿ ಆಕಳನ್ನು ಎಲ್ಲಿ ಸೇರಿಸುವುದು? ಓಣಿಯ ಹಿಂದಿನ ಶಾಲೆಯ ಮೈದಾನದಿಂದ ಸೀಟಿಯ ಸದ್ದು ಬಂತು. ಖೋಖೋ ಪ್ರಾಕ್ಟೀಸ್ ಶುರುವಾಗಿತ್ತು.

ಇದಕ್ಕೆಲ್ಲ ಕಾರಣ ಒಂದು ನಕ್ಷೆ. ಶಿಲ್ಪಶ್ರೀಯ ಅಪ್ಪ ವೀರೇಶ್ ಮರಿಯಮ್ಮನಹಳ್ಳಿಯಲ್ಲಿ ಆಟೋ ಓಡಿಸುತ್ತಾನೆ. ಎರಡು ದಿನದ ಹಿಂದೆ ಅವನು ನಕ್ಷೆಯ ಫೋಟೋ ಮೊಬೈಲಿನಲ್ಲಿ ಹಿಡಿದು ತಂದಿದ್ದ. ಇನ್ನು ಇಪ್ಪತ್ತು ವರ್ಷದಲ್ಲಿ ಎಲ್ಲಿ ಮನೆ, ಎಲ್ಲಿ ರಸ್ತೆ, ಎಲ್ಲಿ ಕಾರ್ಖಾನೆ ಎಂದು ತೋರಿಸುವ ಮಾಸ್ಟರ್ ಪ್ಲಾನ್ ಅದು. ಮನೆಗಳಿರುವ ಜಾಗಕ್ಕೆಲ್ಲ ಹಳದಿ ಬಣ್ಣ. ಇವರ ಓಣಿಗೆ ಮಾತ್ರ ಹಸಿರು. ಹಸಿರು ಎಂದರೆ ಉದ್ಯಾನ.

“ಅಪ್ಪ, ಮನಿ ಇದ್ದ ಕಡಿಗೆ ಪಾರ್ಕ್ ಹೆಂಗ ಮಾಡ್ತಾರ?” ಎಂದು ಅವಳು ಕೇಳಿದ್ದಳು.

“ಈಗೇನೂ ಮಾಡಂಗಿಲ್ಲ. ಆದ್ರ ನಾವು ಇನ್ನೊಂದು ರೂಮ್ ಕಟ್ಟಂಗಿಲ್ಲ. ಮಾರಾಕ ಹೋದ್ರ ತಗೊಳ್ಳೋರು ಇರಂಗಿಲ್ಲ. ಹೆಸರಿಗಷ್ಟ ನಮ್ಮ ಮನಿ.”

ಹೀಗೆ ಮಾಡಬೇಡಿ ಎಂದು ಅರ್ಜಿ ಕೊಡಬಹುದಿತ್ತು. ಆದರೆ ಹಾಗೆಂದು ತಿಳಿಸುವ ನೋಟೀಸು ತಿಂಗಳಿಡೀ ಯಾರಿಗೂ ಕಾಣದಂತೆ ಊರಿನ ಪಂಚಾಯಿತಿ ಆಫೀಸಿನ ಒಂದು ಬೀರುವಿನ ಹಿಂದಿನ ಗೋಡೆಯಲ್ಲಿತ್ತು. ಕೊನೆಯ ದಿನ ನಾಳೆ. “ನಮ್ಮ ಶಿಲ್ಪಾನ ಅಕ್ಷರ ಭಾಳ ಚಂದ ಅದಾವ” ಎಂದು ಅಪ್ಪ ಓಣಿಗೆಲ್ಲ ಹೇಳಿಬಿಟ್ಟ. ಹದಿನಾಲ್ಕು ಮನೆಯವರೂ ಅರ್ಜಿ ಹಿಡಿದು ಬಂದರು.

ಒಬ್ಬರಾದರೂ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಒಬ್ಬರು ಪಕ್ಕದವರ ಕೋಳಿಯನ್ನು ಬೈದರು. ಇನ್ನೊಬ್ಬರು ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಬರೆಯಲು ಹೇಳಿದರು. ಪಂಕ್ಚರ್ ಅಂಗಡಿಯ ಜಡೆಪ್ಪಜ್ಜ ಮಗನ ಮದುವೆಯ ಮಾತು ತೆಗೆದು, ಅರ್ಧಕ್ಕೇ ಎದ್ದು ಲಾರಿ ಟೈರ್ ಬಿಚ್ಚಲು ಹೋದ. ಶಿಲ್ಪಶ್ರೀಗೆ ಸಾಕಾಗಿಹೋಗಿತ್ತು. ಮೂರನೇ ಅರ್ಜಿಯಿಂದ ಅವಳು ಕೇಳಿಸಿಕೊಳ್ಳುವುದನ್ನೇ ಬಿಟ್ಟಳು. ಮೊದಲೆರಡನ್ನೂ ಹರಿದು ಹಾಕಿ, ಎಲ್ಲರದ್ದರಲ್ಲೂ ಒಂದೇ ಸಾಲು ಬರೆದಳು.

ಈಗ ತಾಯಕ್ಕಜ್ಜಿಯದ್ದರಲ್ಲೂ ಅದನ್ನೇ ಬರೆದು ಮುಗಿಸಿದಳು.

“ಆತೇನು? ನಾ ಹೇಳಿದ್ದು ಎಲ್ಲಾ ಬಂತಾ?” ಅಜ್ಜಿ ಹಾಳೆಯತ್ತ ಬಗ್ಗಿ ನೋಡಿದಳು. ಅವಳಿಗೆ ಓದಲು ಬಾರದು.

“ಬಂತು ಅಜ್ಜಿ. ಸಣ್ಣ ಅಕ್ಷರದಾಗ ಬರದೀನಿ.”

ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಶಿಲ್ಪಶ್ರೀ ಮೈದಾನಕ್ಕೆ ಓಡಿದಳು. ಅಷ್ಟರಲ್ಲಿ ಪ್ರಾಕ್ಟೀಸ್ ಮುಗಿದು, ಹುಡುಗಿಯರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಹತ್ತು ದಿನದ ಮೇಲೆ ಹೊಸಪೇಟೆಯ ನಗರ ಯೋಜನೆ ಆಫೀಸಿಗೆ ವಿಚಾರಣೆಗೆ ಬರಬೇಕೆಂದು ಕರೆ ಬಂತು. ವಿಚಾರಣೆಯ ದಿನ ಶನಿವಾರ. “ಬರದಾಕಿನೂ ಬರ್ಲಿ” ಎಂದು ತಾಯಕ್ಕಜ್ಜಿ ಹಟ ಹಿಡಿದಳು. ಜಡೆಪ್ಪಜ್ಜನೂ ಅಪ್ಪನ ಆಟೋ ಹತ್ತಿದ. ಹನ್ನೆರಡಕ್ಕೆ ಬನ್ನಿ ಎಂದಿದ್ದರು. ಹನ್ನೆರಡಕ್ಕೆ ಹೋದರೆ ಬಾಗಿಲಿನವನು ಎರಡನೇ ಮಹಡಿಗೆ ಕಳಿಸಿದ. ಅಲ್ಲಿಯವರು ಮತ್ತೆ ಕೆಳಗೆ ಕಳಿಸಿದರು. ಕೆಳಗಿನವರು ಊಟಕ್ಕೆ ಹೋಗಿದ್ದರು. ಮೊಣಕಾಲು ನೋವಿನ ಅಜ್ಜಿಯನ್ನು ಹಿಡಿದುಕೊಂಡು ಅಪ್ಪ ಮೂರು ಸಲ ಮೆಟ್ಟಿಲು ಹತ್ತಿ ಇಳಿದ.

ಅಂತೂ ಮೂರು ಗಂಟೆಗೆ ಸುನಿತಾ ಎಂಬ ಅಧಿಕಾರಿ ಇವರನ್ನು ಒಳಗೆ ಕರೆದರು. ಅವರ ಮೇಜಿನ ಮೇಲೆ ಹದಿನಾಲ್ಕೂ ಅರ್ಜಿಗಳಿದ್ದವು.

“ಎಲ್ಲದರಲ್ಲೂ ಒಂದೇ ಮಾತು. ಕೈಬರಹವೂ ಒಂದೇ,” ಎಂದರು ಮೇಡಂ. “ಇವನ್ನೆಲ್ಲ ಸೇರಿಸಿ ಒಂದೇ ಆಕ್ಷೇಪಣೆ ಅಂತ ಹಿಡೀತೀವಿ.”

“ಅಲ್ರಿ ಮೇಡಂ, ಹದಿನಾಲ್ಕು ಮನಿ ಅದಾವ್ರಿ,” ಎಂದ ಅಪ್ಪ.

“ಇರಬಹುದು. ಆದರೆ ಯಾಕೆ ಬೇಡ ಅನ್ನೋದಕ್ಕೆ ಯಾರೂ ಕಾರಣ ಬರೆದಿಲ್ಲ. ನಮ್ಮ ದಾಖಲೆಯಲ್ಲಿ ನಿಮ್ಮ ಓಣಿ ಖಾಲಿ ಜಾಗ.”

“ಕಾರಣ ನಾ ಹೇಳೀನಲ್ರಿ,” ಎಂದಳು ತಾಯಕ್ಕಜ್ಜಿ. “ನಂದು ತಗದು ಓದ್ರಿ.”

ಮೇಡಂ ಹುಡುಕಿ ತೆಗೆದು ಓದಿದರು: “ನಮ್ಮ ಜಾಗವನ್ನು ಉದ್ಯಾನ ಮಾಡಬಾರದಾಗಿ ಕೋರುತ್ತೇನೆ.”

“ಹೂಂ. ಮುಂದ?”

“ಮುಂದೆ ಏನೂ ಇಲ್ಲ ಅಜ್ಜಿ. ನಿಮ್ಮ ಹೆಬ್ಬೆಟ್ಟಿದೆ.”

ಅಜ್ಜಿ ಶಿಲ್ಪಶ್ರೀಯತ್ತ ತಿರುಗಿ ನೋಡಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಶಿಲ್ಪಶ್ರೀಯ ಕಿವಿ ಬಿಸಿಯಾಯಿತು. ಅಪ್ಪನ ಹಿಂದೆ ನಿಂತಿದ್ದವಳು ಮುಂದೆ ಬಂದಳು.

“ಮೇಡಂ, ಅಜ್ಜಿ ಹೇಳಿದ್ರು. ಎಲ್ಲಾರೂ ಹೇಳಿದ್ರು. ನಾನ ಬರೀಲಿಲ್ಲ. ಮೂರೇ ಗೆರಿ ಇದ್ವು.”

“ಬೇರೆ ಹಾಳೆ ಸೇರಿಸಬಹುದು ಅಂತ ಹಿಂದೆ ಬರೆದಿದೆಯಲ್ಲಮ್ಮ.” ಮೇಡಂ ಅರ್ಜಿಯನ್ನು ತಿರುವಿ ತೋರಿಸಿದರು.

ನಿಜ, ಬರೆದಿತ್ತು. ಹದಿನಾಲ್ಕು ಅರ್ಜಿಯಲ್ಲಿ ಒಂದನ್ನೂ ಅವಳು ತಿರುವಿ ನೋಡಿರಲಿಲ್ಲ. ಅಪ್ಪ ಹಣೆಗೆ ಕೈ ಒತ್ತಿಕೊಂಡ.

ಮೇಡಂ ಗಡಿಯಾರ ನೋಡಿದರು. “ಐದು ಗಂಟೆ ತನಕ ಇಲ್ಲೇ ಇರ್ತೀನಿ. ಬರೆದು ಕೊಡಿ, ತಗೊಳ್ತೀನಿ.”

ಅಪ್ಪ ಎದುರಿನ ಅಂಗಡಿಯಿಂದ ಬಿಳಿ ಹಾಳೆ ತಂದ. ಶಿಲ್ಪಶ್ರೀ ಆಫೀಸಿನ ವರಾಂಡದಲ್ಲಿ ಅಜ್ಜಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

“ಅಜ್ಜಿ... ಆಕಳ ಬರವಲ್ದಾಗಿತ್ತು ಅಂದ್ರಿ. ಎಲ್ಲಿಗೆ?”

ಅಜ್ಜಿ ಮೊಣಕಾಲು ನೀವಿಕೊಂಡಳು. ಆಮೇಲೆ ನಿಧಾನವಾಗಿ ಶುರು ಮಾಡಿದಳು. “ಡ್ಯಾಂ ಕಟ್ಟಿದ್ರಲ್ಲ, ನಮ್ಮ ಹಳೇ ಊರು ನೀರಾಗ ಹೋತು. ಎಲ್ಲಾರನ್ನೂ ಗಾಡ್ಯಾಗ ಕುಂದ್ರಿಸಿ ಇಲ್ಲಿಗೆ ಕಳಿಸಿದ್ರು. ಒಬ್ಬ ಸಾಹೇಬ ಸರಪಳಿ ಹಿಡಿದು ನೆಲ ಅಳದು, ಮನಿಗೊಂದು ಕಲ್ಲು ನೆಟ್ಟು ನಂಬರ್ ಹಾಕಿಸಿದ. ನಮ್ಮ ಅಪ್ಪಗ ಒಂದು ಕಾಗದ ಕೊಟ್ಟ. ಆಕಳ ವಾಪಸ್ ಓಡಿಹೋಗಬಾರದು ಅಂತ ಅದನ್ನ ಆ ಕಲ್ಲಿಗೇ ಕಟ್ಟಿದ್ರಂತ, ಅವ್ವ ಹೇಳ್ತಿದ್ಲು.”

“ಆ ಕಲ್ಲು ಈಗ ಎಲ್ಲೈತಿ ಅಜ್ಜಿ?”

“ನಮ್ಮ ಬಚ್ಚಲದಾಗ. ದಿನಾ ಅದರ ಮ್ಯಾಲೇ ಬಟ್ಟಿ ಒಗೀತೀನಿ.”

“ಕಾಗದ?”

“ಟ್ರಂಕಿನ್ಯಾಗ. ಯಾರು ಕೇಳ್ಯಾರ ನನ್ನ?”

ಶಿಲ್ಪಶ್ರೀ ಬರೆಯುತ್ತಲೇ ಹೋದಳು. ಆಕಳನ್ನೂ ಬಿಡಲಿಲ್ಲ. ಎರಡು ಹಾಳೆ ತುಂಬಿದವು. ಕೊನೆಗೆ ಬರೆದದ್ದನ್ನೆಲ್ಲ ಅಜ್ಜಿಗೆ ಓದಿ ಹೇಳಿದಳು. “ಸರಪಳಿ ಅಂತ ಹಾಕೀಯೇನು?” ಎಂದು ಅಜ್ಜಿ ನಡುವೆ ಕೇಳಿದಳು. ಹಾಕಿದ್ದಳು.

ಮೇಡಂ ಓದುತ್ತ ಓದುತ್ತ ಎರಡನೇ ಹಾಳೆಯಲ್ಲಿ ನಿಂತರು.

“ಸರ್ಕಾರವೇ ಕೊಟ್ಟ ಜಾಗವಾ ಇದು? ಆ ಕಲ್ಲಿನ ಮೇಲೆ ನಂಬರ್ ಇದೆಯಾ?”

“ಏಳು,” ಎಂದಳು ಅಜ್ಜಿ.

“ನಮ್ಮ ಕಲ್ಲು ಹೊಸ್ತಿಲ ಬಾಜೂಕ ಐತ್ರಿ, ಹನ್ನೊಂದು,” ಎಂದು ಬಾಗಿಲ ಬಳಿ ನಿಂತಿದ್ದ ಜಡೆಪ್ಪಜ್ಜ ಸೇರಿಸಿದ.

ಮೇಡಂ ದೊಡ್ಡ ರಿಜಿಸ್ಟರ್ ತೆರೆದು, ‘ಖಾಲಿ ಜಾಗ’ ಎಂಬ ಮಾತಿನ ಮುಂದೆ ಕೆಂಪು ಶಾಯಿಯಲ್ಲಿ ಪ್ರಶ್ನೆಯ ಗುರುತು ಹಾಕಿದರು. “ಸರ್ವೆಯವರನ್ನು ಕಳಿಸಿ ನೋಡಿಸ್ತೀನಿ. ಕಾಗದ ತಂದು ತೋರಿಸಿ. ಬಣ್ಣ ಬದಲಾಗುತ್ತೆ ಅಂತ ನಾನು ಈಗಲೇ ಹೇಳಲ್ಲ. ಉಳಿದವರದ್ದೂ ಹೀಗೆ ಬರಲಿ.”

“ಇಷ್ಟ ಕೆಲಸಕ್ಕ ಇಡೀ ದಿನ ಆತು,” ಎಂದು ಅಪ್ಪ ಗೊಣಗುತ್ತ ಹೊರಗೆ ಬಂದ.

ಗಂಟೆ ನಾಲ್ಕೂವರೆ. ಶಿಲ್ಪಶ್ರೀಯ ಬೆರಳುಗಳು ಜೋಮು ಹಿಡಿದಿದ್ದವು. ಅವಳು ಕೈ ಕೊಡವಿಕೊಂಡಳು.

ಜಡೆಪ್ಪಜ್ಜ ಅವಳ ಎದುರು ಬಂದು ಕೂತ. “ನಂದು ಸಣ್ಣದೈತಿ ಮಗಳ. ಎರಡ ಮಾತಿನ್ಯಾಗ ಹೇಳ್ತೀನಿ.”

“ಬ್ಯಾಡ ಅಜ್ಜ,” ಎಂದಳು ಅವಳು, ಹೊಸ ಹಾಳೆ ತೆಗೆದುಕೊಂಡು. “ಮೊದಲಿಂದ ಹೇಳ್ರಿ.”

ಜಡೆಪ್ಪಜ್ಜ ಗಂಟಲು ಸರಿಮಾಡಿಕೊಂಡು, ತನ್ನ ಅಪ್ಪನ ಮದುವೆಯಿಂದ ಶುರು ಮಾಡಿದ. ಶಿಲ್ಪಶ್ರೀ ಅದನ್ನೂ ಬರೆದುಕೊಂಡಳು.